ಅರ್ಧ ತೆಗೆದು ಬಿಟ್ಟ ಕಲ್ಲಿದ್ದಲು

ಎಲ್ಲರಿಗೂ ನಮಸ್ಕಾರ.

ಹಳ್ಳಿ ಕಡೆಯವರಿಗೆ ಬಣವೆ ಗೊತ್ತಿರುತ್ತದೆ. ಹಸಿ ಆರದ ಹುಲ್ಲು ಒಟ್ಟಿಬಿಟ್ಟರೆ, ನಾಲ್ಕು ದಿನ ಕಳೆದು ಒಳಗೆ ಕೈ ಹಾಕಿದಾಗ ಬಿಸಿ ತಾಗುತ್ತದೆ. ಕೆಲವು ಸಲ ತಾನಾಗೇ ಹೊತ್ತಿಕೊಳ್ಳುವುದೂ ಉಂಟು. ಕಲ್ಲಿದ್ದಲಿನ ಕಾರಣ ಬೇರೆ, ಆದರೆ ಕಥೆ ಅದೇ. ಗಾಳಿ ಸೋಕಿದರೆ ಅದು ಆಮ್ಲಜನಕ ಹೀರಿ ನಿಧಾನಕ್ಕೆ ಬಿಸಿಯಾಗುತ್ತದೆ. ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಕೊನೆಗೆ ಬೆಂಕಿ.

ಜಾರ್ಖಂಡ್‌ನ ಧನಬಾದ್ ಪಕ್ಕದ ಝರಿಯಾದಲ್ಲಿ ಆಗಿದ್ದು ಇದೇ. ಅಲ್ಲಿ ಮೊದಲ ಬೆಂಕಿ ದಾಖಲಾದದ್ದು 1916ರಲ್ಲಿ. ಇವತ್ತಿಗೂ ಪೂರ್ತಿ ಆರಿಲ್ಲ. ನೆಲದ ಬಿರುಕಿನಿಂದ ಹೊಗೆ ಬರುತ್ತದೆ, ಮನೆಗಳ ಗೋಡೆ ಸೀಳುತ್ತದೆ. ಉರಿಯುತ್ತಿರುವುದು ಯಾವುದೋ ಕಳಪೆ ಮಾಲಲ್ಲ. ಉಕ್ಕು ಮಾಡಲು ಬೇಕಾದ, ದೇಶದಲ್ಲಿ ಸಿಗುವ ಅತಿ ಒಳ್ಳೆಯ ಕೋಕಿಂಗ್ ಕಲ್ಲಿದ್ದಲು. ಅದೇ ಜಾತಿಯ ಕಲ್ಲಿದ್ದಲನ್ನು ನಾವು ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ತರಿಸುತ್ತೇವೆ. ಬಳ್ಳಾರಿ ಕಡೆಯ ತೋರಣಗಲ್ಲಿನ ಉಕ್ಕಿನ ಕುಲುಮೆಗೂ ಬಹುಪಾಲು ಹೊರದೇಶದ್ದೇ ಬರುತ್ತದೆ. ಹೊಟ್ಟೆ ಉರಿಯುತ್ತದೆ, ಅಲ್ವಾ?

ಹೀಗಾಗಲು ಕಾರಣ ಅಗೆಯುವ ರೀತಿ. ನೆಲದೊಳಗಿನ ಹಳೇ ಗಣಿ ಅಂದರೆ ದೇವಸ್ಥಾನದ ಕಂಬದ ಮಂಟಪ ಇದ್ದ ಹಾಗೆ. ಸುತ್ತ ಅಗೆದು, ಮೇಲಿನ ನೆಲ ಕುಸಿಯದಿರಲಿ ಅಂತ ಕಲ್ಲಿದ್ದಲಿನದೇ ಕಂಬಗಳನ್ನು ಬಿಡುತ್ತಾರೆ. ಮೊದಲ ಸುತ್ತಿನಲ್ಲಿ ಬಹುಪಾಲು ಕಲ್ಲಿದ್ದಲು ಕಂಬಗಳಲ್ಲೇ ಉಳಿಯುತ್ತದೆ. ಖಾಲಿ ಜಾಗಕ್ಕೆ ಮರಳು ತುಂಬುತ್ತಾ ಬಂದರೆ ಆ ಕಂಬಗಳನ್ನೂ ತೆಗೆಯಬಹುದು. ಝರಿಯಾದ ಹಳೇ ಖಾಸಗಿ ಮಾಲೀಕರಲ್ಲಿ ಅನೇಕರು ಆ ಖರ್ಚಿಗೆ ಹೋಗಲಿಲ್ಲ. ಸುಲಭಕ್ಕೆ ಸಿಕ್ಕಿದ್ದು ತೆಗೆದು, ಗಣಿಯ ಬಾಯಿ ಮುಚ್ಚದೆ ಹೋದರು. ಒಳಗೆ ಗಾಳಿ ಆಡಿತು. 1970ರ ದಶಕದ ಶುರುವಿನಲ್ಲಿ ಸರ್ಕಾರ ಗಣಿಗಳನ್ನು ವಶಕ್ಕೆ ತಗೊಂಡಾಗ, ಆ ಬೆಂಕಿಯೂ ಜೊತೆಗೇ ಬಂತು.

ಹಾಗಂತ ಮರಳು ತುಂಬಿದರೆ ಎಲ್ಲ ಸರಿ ಅನ್ನುವ ಹಾಗೂ ಇಲ್ಲ. ಆ ಮರಳು ದಾಮೋದರದಂಥ ನದಿಯಿಂದ ಬರಬೇಕು. ಕಲ್ಲಿದ್ದಲು ಉಳಿಸಲು ಹೋಗಿ ಹೊಳೆ ಬರಿದು ಮಾಡಿದ ಹಾಗಾಯಿತು. ಈ ವಿಷಯದಲ್ಲಿ ತೆಲಂಗಾಣದ ಸಿಂಗರೇಣಿ ಕಲ್ಲಿದ್ದಲು ಕಂಪನಿ ಮಾಡಿದ್ದು ನನಗೆ ತುಂಬಾ ಹಿಡಿಸಿತು. ತೆರೆದ ಗಣಿಯಲ್ಲಿ ಕಲ್ಲಿದ್ದಲಿನ ಮೇಲಿರುವ ಮಣ್ಣು, ಮರಳುಗಲ್ಲನ್ನು ತೆಗೆದು ಗುಡ್ಡ ಹಾಕುತ್ತಾರಲ್ಲ, ಅದನ್ನೇ ಪುಡಿ ಮಾಡಿ, ತೊಳೆದು, ಮರಳಾಗಿಸಿ ನೆಲದೊಳಗಿನ ಗಣಿಗೆ ತುಂಬುತ್ತಾರೆ. ಗೋದಾವರಿಯ ಮರಳು ಅಷ್ಟರಮಟ್ಟಿಗೆ ಉಳಿಯುತ್ತದೆ, ಗುಡ್ಡವೂ ಕರಗುತ್ತದೆ.

ಇನ್ನೊಂದು ಮಾತು. 2009ರಿಂದ ಗಣಿ ಮುಚ್ಚುವ ಯೋಜನೆಯನ್ನು ಮೊದಲೇ ಕೊಟ್ಟು, ಅದಕ್ಕೆಂದೇ ಬೇರೆ ಖಾತೆಯಲ್ಲಿ ಪ್ರತಿ ವರ್ಷ ದುಡ್ಡು ಇಡಬೇಕೆಂಬ ನಿಯಮ ಬಂದಿದೆ. ಒಳ್ಳೆಯದೇ. ಆದರೆ ಗಣಿ ಬಿಡುವ ದಿನ ಒಳಗೆ ಎಷ್ಟು ಕಲ್ಲಿದ್ದಲು ಉಳಿಯಿತು, ಗಾಳಿ ಹೋಗುವ ಯಾವ ಬಾಯಿಗೆ ಗೋಡೆ ಕಟ್ಟಿದರು ಅನ್ನುವ ಲೆಕ್ಕವನ್ನು ಆ ಊರಿನ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಬೇಕು. ಆ ಗಣಿಯ ಮೇಲೆ ಮನೆ ಕಟ್ಟಿಕೊಂಡಿರುವವರು ಓದುವ ಭಾಷೆಯಲ್ಲಿ.