ನಿಮ್ಮ ಹೆಸರು ಪಟ್ಟಿಯಲ್ಲಿದೆ

ಕೇಳುಗರಿಗೆ ನಮಸ್ಕಾರ.

"ನಿಮ್ಮ ಹೆಸರು ಪಟ್ಟಿಯಲ್ಲಿದೆ ಸರ್. ಸರದಿ ಬಂದಾಗ ನಾವೇ ಫೋನ್ ಮಾಡ್ತೀವಿ." ಹನ್ನೊಂದು ತಿಂಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕ ಇಟ್ಟಿಲ್ಲ. ಹೇಳುವವರು ಗದರುತ್ತಿರಲಿಲ್ಲ, ಸಮಾಧಾನವಾಗೇ ಹೇಳುತ್ತಿದ್ದರು. ಅದಕ್ಕಿಂತ ಜಾಸ್ತಿ ಅವರಿಗೂ ಗೊತ್ತಿರಲಿಲ್ಲ. ನಾನು ಎಷ್ಟನೆಯವನು, ನನ್ನ ಮುಂದೆ ಎಷ್ಟು ಜನ ಇದ್ದಾರೆ, ಇನ್ನೊಂದು ತಿಂಗಳೋ ಇನ್ನೊಂದು ವರ್ಷವೋ, ಯಾವುದಕ್ಕೂ ಉತ್ತರ ಇರಲಿಲ್ಲ.

ನಾನು ಕಾಯುತ್ತಿದ್ದದ್ದು ಸರ್ಕಾರಿ ಆಸ್ಪತ್ರೆಯಲ್ಲಿ, ಹೃದಯದ ಲಯ ಸರಿಪಡಿಸುವ ಒಂದು ಚಿಕಿತ್ಸೆಗೆ. ಅದಕ್ಕೆ ಅಬ್ಲೇಷನ್ ಅಂತಾರೆ. ಆ ಚಿಕಿತ್ಸೆಯ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕಾಗಿ ಕಾಯುವ ದಿನಗಳ ಬಗ್ಗೆ ಹೇಳುವವರು ಕಡಿಮೆ. ಅದಕ್ಕೇ ಬಂದಿದ್ದೇನೆ.

ಮೊದಲು ಕಾಯಿಲೆ ಏನು ಅಂತ ಎರಡು ಮಾತು. ನಮ್ಮ ಹೃದಯದ ಬಲಗಡೆ ಮೇಲಿನ ಕೋಣೆಯಲ್ಲಿ, ದೊಡ್ಡ ರಕ್ತನಾಳ ಬಂದು ಸೇರುವ ಜಾಗದಲ್ಲಿ, ಒಂದು ಚಿಕ್ಕ ಗಂಟಿನಂಥ ಜೀವಕೋಶಗಳ ಗುಂಪಿದೆ. ಪ್ರತಿ ಬಡಿತವೂ ಅಲ್ಲಿಂದ ಹೊರಡಬೇಕು. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಅನ್ನುವ ಇಬ್ಬರು ಅದನ್ನು ಗುರುತಿಸಿದರು. ಸುಮ್ಮನೆ ಕೂತಿದ್ದಾಗ ನಿಮಿಷಕ್ಕೆ 60ರಿಂದ 100 ಸಲ ಅದು ಸನ್ನೆ ಕೊಡುತ್ತದೆ, ಹೃದಯ ಕೇಳುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಬಂದವರಲ್ಲಿ ಈ ಮಾತು ನಡೆಯುವುದಿಲ್ಲ. ಮೇಲಿನ ಕೋಣೆಗಳಲ್ಲಿ ನಿಮಿಷಕ್ಕೆ 300, 400, ಇನ್ನೂ ಜಾಸ್ತಿ ಸನ್ನೆಗಳು ಎದ್ದು, ಗೋಡೆಗಳು ಬಡಿಯುವ ಬದಲು ನಡುಗುತ್ತವೆ. ಕೆಳಗಿನ ಕೋಣೆಗಳಿಗೆ ಒಂದಷ್ಟು ಸನ್ನೆ ಮುಟ್ಟುತ್ತವೆ, ಒಂದಷ್ಟು ಮುಟ್ಟುವುದಿಲ್ಲ.

ಹೊರಗಿನವರಿಗೆ ಅದು ಹೇಗಿರುತ್ತದೆ ಅಂತ ಹೇಳುವುದು ಕಷ್ಟ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟಾಗ ಎದೆ ಧಸಕ್ ಅನ್ನುತ್ತದಲ್ವಾ? ಅದೇ, ಆದರೆ ಹಾಸಿಗೆಯಲ್ಲಿ ಮಲಗಿದ್ದಾಗ, ಒಂದಾದ ಮೇಲೊಂದು, ಗಂಟೆಗಟ್ಟಲೆ. ಎಡಗಡೆ ಹೊರಳಿ ಮಲಗಿದರೆ ಇನ್ನೂ ಜೋರು. ಮಗಳು ನನ್ನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಎಣಿಸೋಕೆ ಶುರು ಮಾಡಿದವಳು ಮಧ್ಯದಲ್ಲಿ ನಿಲ್ಲಿಸಿ, "ಎಣಿಸೋಕೇ ಬರ್ತಿಲ್ಲ ಅಪ್ಪ" ಅಂದಳು.

ಅಪಾಯ ಇರುವುದು ಬಡಿತಕ್ಕಿಂತ ರಕ್ತದಲ್ಲಿ. ನಡುಗುವ ಕೋಣೆಯಲ್ಲಿ ರಕ್ತ ಸರಿಯಾಗಿ ಸಾಗದೆ ನಿಲ್ಲುತ್ತದೆ. ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಈ ಕಾಯಿಲೆ ಇರುವವರಿಗೆ ಲಕ್ವ ಹೊಡೆಯುವ ಸಾಧ್ಯತೆ ಸುಮಾರು ಐದು ಪಟ್ಟು.

ಇನ್ನು ಅಬ್ಲೇಷನ್. 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಗೇರ್ ಮತ್ತು ಅವರ ಜೊತೆಗಾರರು 45 ರೋಗಿಗಳನ್ನು ಪರೀಕ್ಷಿಸಿ, ಈ ಗಲಾಟೆ ಎಬ್ಬಿಸುವ ಕಿಡಿಗಳಲ್ಲಿ ಹೆಚ್ಚಿನವು ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳ ಒಳಗಿಂದ ಹೊರಡುತ್ತವೆ ಅಂತ ತೋರಿಸಿದರು. ಅಲ್ಲಿಂದ ದಾರಿ ಸ್ಪಷ್ಟವಾಯಿತು. ತೊಡೆಯ ಸಂದಿನ ರಕ್ತನಾಳದಿಂದ ಕ್ಯಾಥೆಟರ್ ಅನ್ನುವ ತೆಳ್ಳಗಿನ ಕೊಳವೆ ಹಾಕಿ, ಹೃದಯದ ತನಕ ತೆಗೆದುಕೊಂಡು ಹೋಗಿ, ಆ ನಾಳಗಳ ಬಾಯಿ ಸುತ್ತ ಬಿಸಿಯಿಂದಲೋ ಕೊರೆಯುವ ತಣ್ಪಿನಿಂದಲೋ ಒಂದು ಗಾಯದ ಬೇಲಿ ಹಾಕುತ್ತಾರೆ. ಕಿಡಿ ಬೇಲಿ ದಾಟುವುದಿಲ್ಲ. ಈಚೆಗೆ ವಿದ್ಯುತ್ತಿನ ಚುಟುಕು ಮಿಡಿತಗಳಿಂದಲೂ ಈ ಕೆಲಸ ಮಾಡುತ್ತಿದ್ದಾರೆ, ಅದರಲ್ಲಿ ಸಮಯ ಕಡಿಮೆ ಹಿಡಿಯುತ್ತದೆ.

ಹಾಗಾದರೆ ಇಷ್ಟುದ್ದ ಸಾಲು ಯಾಕೆ? ನಾನು ಮೊದಲು ಯಂತ್ರ ಕಡಿಮೆ ಇರಬೇಕು ಅಂದುಕೊಂಡಿದ್ದೆ. ಅದು ಸ್ವಲ್ಪ ಮಾತ್ರ ನಿಜ. ಈ ಕೆಲಸಕ್ಕೆ ಹೃದಯದ ವಿದ್ಯುತ್ತಿನಲ್ಲೇ ವಿಶೇಷವಾಗಿ ಪಳಗಿದ ಡಾಕ್ಟರ್ ಬೇಕು. ಸಾಮಾನ್ಯ ಹೃದಯ ವೈದ್ಯರಾದ ಮೇಲೆ ಮತ್ತೆ ವರ್ಷಗಟ್ಟಲೆ ಕಲಿಯಬೇಕಾದ ವಿದ್ಯೆ ಅದು. ಅವರ ಜೊತೆ ಟೆಕ್ನಿಷಿಯನ್‌ಗಳು, ನರ್ಸ್‌ಗಳು, ಎಷ್ಟೋ ಸಲ ಅರಿವಳಿಕೆ ಡಾಕ್ಟರ್, ಆಮೇಲೆ ಒಂದು ಹಾಸಿಗೆ. ಇದರಲ್ಲಿ ಒಂದು ಕೊಂಡಿ ತಪ್ಪಿದರೂ ಆ ದಿನದ ಕೆಲಸ ನಿಂತಂತೆ. ಇಂಥ ಕ್ಯಾಥೆಟರ್ ಕೆಲಸಗಳು ನಡೆಯುವ ಕೋಣೆಗೆ ಕ್ಯಾಥ್ ಲ್ಯಾಬ್ ಅಂತಾರೆ. ಅದು ಒಂದೇ ಇದ್ದರೆ, ಪೇಸ್‌ಮೇಕರ್ ಹಾಕುವುದೂ ಅಲ್ಲೇ, ಹೃದಯಾಘಾತ ಆದವರಿಗೆ ಸ್ಟೆಂಟ್ ಹಾಕುವುದೂ ಅಲ್ಲೇ. ಅಬ್ಲೇಷನ್‌ಗೆ ಬಂದವರ ಕಾಗದದ ಮೇಲೆ "ತುರ್ತಲ್ಲ" ಅಂತ ಬರೆದಿರುತ್ತದೆ. ಆ ಒಂದು ಪದದಿಂದ ಅವರು ಸಾಲಿನ ಹಿಂದಕ್ಕೆ ಹೋಗುತ್ತಾರೆ. ಜನರ ಆಯಸ್ಸು ಹೆಚ್ಚಿದಂತೆ ಈ ಕಾಯಿಲೆಯವರೂ ಹೆಚ್ಚುತ್ತಿದ್ದಾರೆ, ಸಾಲು ಬೆಳೆಯುತ್ತದೆ.

ಇನ್ನೊಂದು ವಿಷಯ ಇದೆ, ಅದನ್ನು ಯಾರೂ ಎಣಿಸುವುದಿಲ್ಲ. ಪಟ್ಟಿಗೆ ಹೆಸರು ಸೇರುವ ಮೊದಲೇ ಎಷ್ಟೋ ಕಾಯುವಿಕೆ ಮುಗಿದಿರುತ್ತದೆ. ಈ ಕಾಯಿಲೆ ಬಂದು ಹೋಗುವಂಥದ್ದು. ಇಸಿಜಿ ತೆಗೆಯುವ ಹೊತ್ತಿಗೆ ಹೃದಯ ಏನೂ ಆಗದವರ ಹಾಗೆ ನೆಟ್ಟಗೆ ಬಡಿಯುತ್ತಿರುತ್ತದೆ. ನನಗೆ ಮೂರು ಇಸಿಜಿ ಸರಿ ಬಂತು. "ಟೆನ್ಷನ್ ಇರಬೇಕು" ಅಂದರು. ನಾಲ್ಕನೆಯದರಲ್ಲಿ ಸಿಕ್ಕಿತು. ಆಮೇಲೆ ಎಕೋ ಅನ್ನುವ ಹೃದಯದ ಸ್ಕ್ಯಾನ್, ಆಮೇಲೆ ದೊಡ್ಡ ಡಾಕ್ಟರ ಭೇಟಿಗೆ ಬೇರೆ ಸರದಿ. ನನ್ನ ಹನ್ನೊಂದು ತಿಂಗಳಲ್ಲಿ ಇದ್ಯಾವುದೂ ಸೇರಿಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಎಣಿಕೆಯ ಗಡಿಯಾರ ಮೊದಲ ಡಾಕ್ಟರ್ ಕಾಗದ ಬರೆದು ಕಳಿಸಿದಾಗಲೇ ಶುರುವಾಗುತ್ತದೆ. ಕಾಯುತ್ತಿರುವ 100 ಜನರಲ್ಲಿ 92 ಜನರದ್ದು 18 ವಾರ ದಾಟಬಾರದು ಅಂತ ಅಲ್ಲಿ ನಿಯಮ. 2016ರಿಂದೀಚೆಗೆ ವರ್ಷಗಟ್ಟಲೆ ಅವರಿಗೂ ಆ ಗುರಿ ಮುಟ್ಟೋಕೆ ಆಗಿಲ್ಲ. ಆದರೂ ಎಣಿಸುತ್ತಾರೆ, ಲೆಕ್ಕ ಹೊರಗೆ ಹಾಕುತ್ತಾರೆ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಎಣಿಸದ ಕಾಯುವಿಕೆಗೆ ಯಾರನ್ನು ಕೇಳುವುದು?

ಕಾದರೆ ನಷ್ಟ ಏನು ಅಂತ ನೀವು ಕೇಳಬಹುದು. 1995ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಆಡುಗಳ ಮೇಲೆ ಒಂದು ಪ್ರಯೋಗ ನಡೆಯಿತು. ಆಡುಗಳ ಹೃದಯದಲ್ಲಿ ಈ ತಪ್ಪು ಲಯವನ್ನು ಬೇಕಂತಲೇ ಮತ್ತೆ ಮತ್ತೆ ಎಬ್ಬಿಸಿದರು. ಮೊದಮೊದಲು ಸ್ವಲ್ಪ ಹೊತ್ತಿಗೇ ನಿಲ್ಲುತ್ತಿತ್ತು. ದಿನ ಕಳೆದಂತೆ ನಿಲ್ಲುವುದು ತಡವಾಯಿತು, ಕೊನೆಗೆ ತಾನಾಗಿ ನಿಲ್ಲುವುದನ್ನೇ ಬಿಟ್ಟಿತು. ತಪ್ಪು ಲಯವೇ ತಪ್ಪು ಲಯವನ್ನು ಬೆಳೆಸುತ್ತದೆ ಅಂತ ಆಗ ಗೊತ್ತಾಯಿತು. 2020ರಲ್ಲಿ 2789 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಕಾಯಿಲೆ ಗೊತ್ತಾಗಿ ಒಂದು ವರ್ಷದೊಳಗೇ ಲಯ ಸರಿಪಡಿಸುವ ಚಿಕಿತ್ಸೆ ಶುರು ಮಾಡಿದವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯಿಂದ ಸಾವು, ಲಕ್ವ, ಹೃದ್ರೋಗದಿಂದ ಆಸ್ಪತ್ರೆ ಸೇರುವಂಥ ಅನಾಹುತಗಳು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾದವು. ಅವರಲ್ಲಿ ಹೆಚ್ಚಿನವರಿಗೆ ಶುರುವಿನಲ್ಲಿ ಕೊಟ್ಟದ್ದು ಮಾತ್ರೆಗಳೇ.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ಈಗ ಸಾಲಿನಲ್ಲಿರುವವರನ್ನು ಸುಮ್ನೆ ಹೆದರಿಸಿದ ಹಾಗಾಗುತ್ತದೆ. 2023ರಲ್ಲಿ ಆಸ್ಟ್ರೇಲಿಯಾದಲ್ಲಿ 100 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ತಿಂಗಳೊಳಗೆ, ಇನ್ನೊಂದಕ್ಕೆ ಒಂದು ವರ್ಷ ಬಿಟ್ಟು ಅಬ್ಲೇಷನ್ ಮಾಡಿದರು. ಆಮೇಲಿನ ಒಂದು ವರ್ಷದಲ್ಲಿ ಎರಡೂ ಗುಂಪಿನವರು ಹೆಚ್ಚೂ ಕಡಿಮೆ ಒಂದೇ ತರಹ ಇದ್ದರು. ನಾನು ಇದನ್ನು ಓದಿ ನಿಟ್ಟುಸಿರು ಬಿಟ್ಟೆ. ಆಮೇಲೆ ಒಂದು ವಿಷಯ ಗಮನಿಸಿದೆ. ಆ ಒಂದು ವರ್ಷ ಕಾದವರನ್ನು ಡಾಕ್ಟರು ನೋಡುತ್ತಲೇ ಇದ್ದರು, ಮಾತ್ರೆ ಕೊಡುತ್ತಲೇ ಇದ್ದರು. ಆ ಹೊತ್ತಿಗೆ ನನ್ನನ್ನು ಆರು ತಿಂಗಳಿಂದ ಯಾರೂ ನೋಡಿರಲಿಲ್ಲ.

ಯಾರೂ ನೋಡದಿದ್ದಾಗ ಏನಾಗುತ್ತದೆ ಅಂದರೆ, ನಮಗೆ ನಾವೇ ಡಾಕ್ಟರ್ ಆಗುತ್ತೇವೆ. ಐದನೇ ತಿಂಗಳಲ್ಲಿ ಒಂದು ವಾರ ಎದೆ ಚೆನ್ನಾಗಿ ಬಡಿಯಿತು. ವಾಸಿಯಾಗಿದೆ ಅಂದುಕೊಂಡು ರಕ್ತ ತೆಳ್ಳಗಾಗಿಸುವ ಮಾತ್ರೆ ಎರಡು ದಿನ ಬಿಟ್ಟೆ. ಮೆಡಿಕಲ್ ಶಾಪಿನವರು ಮಾತ್ರೆ ಲೆಕ್ಕ ನೋಡಿ, "ಉಳಿದಿರೋದು ಜಾಸ್ತಿ ಇದೆಯಲ್ಲ ಸರ್, ಬಿಟ್ಟಿರಾ?" ಅಂತ ಕೇಳಿದರು. ಬಡಿತ ಸರಿ ಇದ್ದರೂ ಡಾಕ್ಟರನ್ನು ಕೇಳದೆ ಆ ಮಾತ್ರೆ ನಿಲ್ಲಿಸಬಾರದು ಅಂತ ತಿಳಿಸಿ ಹೇಳಿದ್ದು ಅವರೇ. ಅವರು ಕೇಳದಿದ್ದರೆ ಇನ್ನೆಷ್ಟು ದಿನ ಬಿಡುತ್ತಿದ್ದೆನೋ.

ಕಾಯುವ ದಿನಗಳಲ್ಲಿ ನಮ್ಮ ಕೈಲಿ ಮಾಡುವಂಥದ್ದೂ ಇದೆ. ಬಿಪಿ ಹತೋಟಿ, ತೂಕ ಇಳಿಸುವುದು, ಗೊರಕೆ ಜೊತೆ ಉಸಿರು ಕಟ್ಟುವ ಕಾಯಿಲೆ ಇದ್ದರೆ ಅದಕ್ಕೆ ಚಿಕಿತ್ಸೆ. ಕುಡಿಯುವ ಅಭ್ಯಾಸ ಇರುವವರು ಇದನ್ನು ಗಮನವಿಟ್ಟು ಕೇಳಿ: 2020ರಲ್ಲಿ ಪ್ರಕಟವಾದ ಇನ್ನೊಂದು ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಕುಡಿಯುತ್ತಲೇ ಇದ್ದವರಲ್ಲಿ ಆರು ತಿಂಗಳೊಳಗೆ 100ಕ್ಕೆ 73 ಜನರಿಗೆ ಈ ತಪ್ಪು ಲಯ ಮರುಕಳಿಸಿತು. ಬಿಡಲು ಒಪ್ಪಿದವರಲ್ಲಿ ಅದು 53. ಯಾವ ಸರದಿಯೂ ಇಲ್ಲದೆ ಸಿಗುವ ಚಿಕಿತ್ಸೆ ಇದು. ಮತ್ತೆ, ಪಟ್ಟಿಯಲ್ಲಿದ್ದೇವೆ ಅಂತ ಎಲ್ಲಕ್ಕೂ ಕಾಯುತ್ತಾ ಕೂರಬೇಡಿ. ಬಾಯಿ ಒಂದು ಕಡೆ ಎಳೆದರೆ, ಕೈ ಸೋತರೆ, ಮಾತು ತೊದಲಿದರೆ, ಎದೆ ನೋವು ಬಂದರೆ, ಎಚ್ಚರ ತಪ್ಪಿದರೆ, ಆ ಕ್ಷಣವೇ ತುರ್ತು ವಿಭಾಗಕ್ಕೆ ಹೋಗಿ.

ಏಳನೇ ತಿಂಗಳಲ್ಲಿ ಒಂದು ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. ಡೇಟು ಬಂತು ಅಂದುಕೊಂಡೆ. ಅಲ್ಲ, ಮಾತಾಡಿದ್ದು ಒಬ್ಬರು ಸಿಸ್ಟರ್. "ಪಟ್ಟಿಯಲ್ಲಿರೋರನ್ನೆಲ್ಲ ವಿಚಾರಿಸ್ತಾ ಇದ್ದೀನಿ. ಹೇಗಿದ್ದೀರಿ?" ಅಂದರು. ಚೆನ್ನಾಗಿದ್ದೀನಿ ಅಂದೆ. ನಾವೆಲ್ಲ ಹಾಗೇ ಹೇಳುವುದು ಅಲ್ವಾ? ಅವರು ಅಷ್ಟಕ್ಕೆ ಬಿಡಲಿಲ್ಲ. "ಮನೇಲಿ ಮೆಟ್ಟಿಲು ಇದೆಯಾ? ಹತ್ತುವಾಗ ಎಲ್ಲಿ ನಿಲ್ತೀರಿ?" ಅಂತ ಕೇಳಿದರು. ಯೋಚನೆ ಮಾಡಿದೆ. ಪಟ್ಟಿಗೆ ಹೆಸರು ಸೇರಿದಾಗ ನಿಲ್ಲದೆ ಮೇಲೆ ಹೋಗುತ್ತಿದ್ದೆ. ಈಗ ಎಂಟನೇ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಲ್ಲುತ್ತಿದ್ದೆ. ನಿಲ್ಲುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ನಿಧಾನವಾಗಿ ಬಂದದ್ದು ಹಾಗೆಯೇ ರೂಢಿಯಾಗಿಬಿಡುತ್ತದೆ. ಒಂದು ವಾರದೊಳಗೆ ಕರೆಸಿ ಮತ್ತೆ ಎಕೋ ಮಾಡಿದರು. ಹೃದಯದ ಒತ್ತುವ ಶಕ್ತಿ ಕುಗ್ಗಿತ್ತು. ಮಾತ್ರೆ ಬದಲಾಯಿತು, ನನ್ನ ಹೆಸರು ಪಟ್ಟಿಯಲ್ಲಿ ಮೇಲಕ್ಕೆ ಹೋಯಿತು. ಆ ಫೋನ್ ಮಾತು ಮುಗಿದದ್ದು ಆರು ನಿಮಿಷದಲ್ಲಿ.

ನಾನು ಕೇಳುವುದು ಇಷ್ಟೇ. ಲ್ಯಾಬ್ ಕಟ್ಟುವುದಕ್ಕೆ, ಡಾಕ್ಟರುಗಳನ್ನು ತಯಾರು ಮಾಡುವುದಕ್ಕೆ ವರ್ಷಗಳು ಬೇಕು, ಒಪ್ಪುತ್ತೇನೆ. ಅದು ಆಗಲೇಬೇಕು. ಆದರೆ ಮೂರು ತಿಂಗಳಿಗೊಮ್ಮೆ ಒಂದು ಫೋನ್ ಮಾಡಿ ಎಂಟನೇ ಮೆಟ್ಟಿಲಿನ ವಿಷಯ ಕೇಳುವುದಕ್ಕೆ ವರ್ಷಗಳು ಬೇಡ. ಆರು ತಿಂಗಳ ಹಿಂದೆ "ತುರ್ತಲ್ಲ" ಅಂತ ಬರೆದದ್ದು ಇವತ್ತಿಗೂ ನಿಜವೇ ಅಂತ ಯಾರಾದರೂ ತಿರುಗಿ ನೋಡಬೇಕು. ಕೊನೆ ಗಳಿಗೆಯಲ್ಲಿ ಒಬ್ಬರು ಬರಲಾಗದಿದ್ದರೆ ಆ ಜಾಗಕ್ಕೆ ತಕ್ಷಣ ಹೊರಟು ಬರುವವರ ಹೆಸರುಗಳು ಬೇರೆಯಾಗಿ ಇರಬೇಕು. ಯಾವ ಸ್ಲಾಟೂ ಖಾಲಿ ಹೋಗಬಾರದು.

ರದ್ದಾಗುವ ಮಾತು ಬಂತಲ್ಲ. ನನಗೆ ಮೊದಲ ಡೇಟು ಸಿಕ್ಕಿದ್ದು ಒಂಬತ್ತನೇ ತಿಂಗಳಲ್ಲಿ. ರಾತ್ರಿಯಿಂದ ಉಪವಾಸ. ಆಸ್ಪತ್ರೆಯ ಗೌನು ತೊಟ್ಟು, ಕೈಗೆ ಸೂಜಿ ಚುಚ್ಚಿ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದೆ. ಹನ್ನೊಂದೂವರೆಗೆ ಬಂದು "ಇವತ್ತು ಆಗಲ್ಲ ಸರ್" ಅಂದರು. ಒಬ್ಬರಿಗೆ ಹೃದಯಾಘಾತ ಆಗಿ ಒಳಗೆ ಕರೆದುಕೊಂಡು ಹೋಗಿದ್ದರು. ಅದಕ್ಕೆ ಸಿಟ್ಟು ಮಾಡಿಕೊಳ್ಳೋಕೆ ಆಗುತ್ತದಾ? ನಾನೇ ಡಾಕ್ಟರ್ ಆಗಿದ್ದರೂ ಹಾಗೇ ಮಾಡುತ್ತಿದ್ದೆ. ಸಿಟ್ಟು ಬಂದದ್ದು ಆಮೇಲೆ. ಮನೆಗೆ ಬಂದೆ. ಒಂದು ವಾರ, ಎರಡು ವಾರ, ಮೂರು ವಾರ. ನಾನೇ ಫೋನ್ ಮಾಡಿದಾಗ ಮತ್ತೆ ಅದೇ ಮಾತು, ನಿಮ್ಮ ಹೆಸರು ಪಟ್ಟಿಯಲ್ಲಿದೆ. ನಾನು ಹೇಳಿದ ಇಂಗ್ಲೆಂಡಿನಲ್ಲಿ, ಆಸ್ಪತ್ರೆಯ ಕಾರಣಕ್ಕೆ ಅದೇ ದಿನ ರದ್ದಾದರೆ 28 ದಿನದೊಳಗೆ ಇನ್ನೊಂದು ದಿನ ಕೊಡಬೇಕು ಅಂತ ನಿಯಮ ಇದೆ. ಎಲ್ಲೆಲ್ಲಿ ಅಂಥ ನಿಯಮ ಇಲ್ಲವೋ ಅಲ್ಲೆಲ್ಲ ಬರಬೇಕು. ಸೂಜಿ ಚುಚ್ಚಿದ ಜಾಗದ ನೀಲಿ ಮಾಸುವುದರೊಳಗೆ ರೋಗಿಗೆ ಇನ್ನೊಂದು ಡೇಟು ಗೊತ್ತಿರಬೇಕು.

ಕೊನೆಗೆ ಹನ್ನೊಂದನೇ ತಿಂಗಳಲ್ಲಿ ನನಗೆ ಅಬ್ಲೇಷನ್ ಆಯಿತು. ಅದರ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಆ ರಾತ್ರಿ ಕಾಲು ಮಡಿಸಬಾರದು ಅಂತ ನೆಟ್ಟಗೆ ಮಲಗಿಸಿದ್ದರು. ಪಕ್ಕದ ಮಾನಿಟರ್‌ನಲ್ಲಿ 68, 70, 68. ಮೊದಲ ಎರಡು ಮೂರು ತಿಂಗಳು ಲಯ ಅಲ್ಲಲ್ಲಿ ತಪ್ಪಬಹುದು, ಗಾಬರಿಯಾಗಬೇಡಿ ಅಂತ ಮೊದಲೇ ಹೇಳಿದ್ದರು. ಒಬ್ಬರು ಸಿಸ್ಟರ್ ಬಂದು ತೊಡೆಯ ಪಟ್ಟಿ ನೋಡಿ, "ನೋವಿದೆಯಾ ಸರ್?" ಅಂದರು. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು. ಮೆಟ್ಟಿಲಿನ ವಿಷಯ ಕೇಳಿದ್ದು ನೀವೇ ಅಲ್ವಾ ಅಂದೆ. ನಕ್ಕರು. ದಿನಕ್ಕೆ ಎಷ್ಟು ಜನರಿಗೆ ಫೋನ್ ಮಾಡ್ತೀರಿ ಸಿಸ್ಟರ್ ಅಂತ ಕೇಳಿದೆ.

"ಹನ್ನೆರಡು ಮಾಡಬೇಕು ಅಂದುಕೊಂಡಿರ್ತೀನಿ. ವಾರ್ಡ್ ಕೆಲಸ ಮುಗಿದ ಮೇಲೆ ಮಾಡೋದಲ್ವಾ, ನಾಲ್ಕಾದ್ರೆ ಜಾಸ್ತಿ" ಅಂದರು. ಗಡಿಯಾರ ನೋಡಿದರು. ನನ್ನ ಹೊದಿಕೆ ಸರಿಮಾಡಿ ಪಕ್ಕದ ಹಾಸಿಗೆಗೆ ಹೋದರು.

ನಮಸ್ಕಾರ.