ಹಗ್ಗ ಅವರದು, ಹಾವು ನಮ್ಮದು

ನಮಸ್ಕಾರ ಕೇಳುಗರೆ.

ಕತ್ತಲಲ್ಲಿ ಬಿದ್ದ ಹಗ್ಗ ಹಾವಾಗಿ ಕಾಣುತ್ತದೆ, ಅಲ್ವಾ? ಹಗ್ಗ ತನ್ನ ಪಾಡಿಗೆ ಸುಮ್ನೆ ಬಿದ್ದಿರುತ್ತದೆ. ಅದನ್ನು ಹಾವು ಮಾಡಿಕೊಳ್ಳುವವರು ನಾವು. ದೊಡ್ಡ ಕಂಪನಿಯ ದುಡ್ಡಿಲ್ಲದೆ, ಸ್ವಂತ ಬಲದ ಮೇಲೆ ಹಾರರ್ ಸಿನಿಮಾ ಮಾಡುವವರು ನಂಬಿರುವುದು ಈ ಹಗ್ಗವನ್ನೇ. ಅಂಥ ಸಿನಿಮಾಗಳು ಮೊದಲು ಜನರ ಮುಂದೆ ಬರುವುದು ಹೆಚ್ಚಾಗಿ ಚಿತ್ರೋತ್ಸವಗಳಲ್ಲಿ. ಇವತ್ತು ಅವುಗಳ ಬಗ್ಗೆ ಮಾತಾಡುತ್ತೇನೆ.

1999ರ ಜನವರಿ. ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವ. ನಡುರಾತ್ರಿ ಒಂದು ಸಿನಿಮಾ ಶುರುವಾಯಿತು. ಹೆಸರು ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’. ಮಾಟಗಾತಿಯ ಕಥೆ ಹುಡುಕಿಕೊಂಡು ಮೂವರು ಕಾಡಿಗೆ ಹೋಗುತ್ತಾರೆ, ವಾಪಸ್ ಬರುವುದಿಲ್ಲ. ಇಷ್ಟೇ ಕಥೆ. ಡೇನಿಯಲ್ ಮೈರಿಕ್ ಮತ್ತು ಎಡ್ವಾರ್ಡೊ ಸ್ಯಾಂಚೆಜ್ ಇದರ ಮುಖ್ಯ ಚಿತ್ರೀಕರಣವನ್ನು 8 ದಿನಗಳಲ್ಲಿ ಮುಗಿಸಿದ್ದರು. ಕ್ಯಾಮೆರಾ ನಟರ ಕೈಯಲ್ಲೇ ಇತ್ತು. ಅವತ್ತು ಏನು ಮಾಡಬೇಕು ಎಂಬ ಚೀಟಿಯನ್ನು ಕಾಡಿನಲ್ಲಿ ಒಂದು ಕಡೆ ಇಟ್ಟಿರುತ್ತಿದ್ದರು. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡುವಂತಿರಲಿಲ್ಲ. ದಿನ ಕಳೆದಂತೆ ಊಟವನ್ನೂ ಕಡಿಮೆ ಮಾಡಿದರು. ರಾತ್ರಿ ಟೆಂಟಿನ ಹೊರಗೆ ಸದ್ದು ಮಾಡಿ ಎಬ್ಬಿಸಿದರು. ತೆರೆಯ ಮೇಲಿನ ಸಿಡುಕು, ಸುಸ್ತು ಬಹಳಷ್ಟು ನಿಜವಾದದ್ದೇ. ಮಾಟಗಾತಿ ಮಾತ್ರ ಕೊನೆವರೆಗೂ ಕಾಣುವುದಿಲ್ಲ. ಅಲ್ಲಿ ಕಾಣುವುದು ಕಲ್ಲಿನ ಗುಡ್ಡೆ, ಮರಕ್ಕೆ ನೇತುಹಾಕಿದ ಕಡ್ಡಿಯ ಗೊಂಬೆ, ಅಷ್ಟೇ.

ಆ ಸಿನಿಮಾ ಉತ್ಸವದಲ್ಲಿ ಸುಮಾರು 11 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಮುಂದೆ ಜಗತ್ತಿನಾದ್ಯಂತ 25 ಕೋಟಿ ಡಾಲರ್ ಹತ್ತಿರ ಗಳಿಸಿತು. ಎಲ್ಲರೂ ಹೇಳುವುದು ಈ ಲೆಕ್ಕವನ್ನೇ. ಆದರೆ ನ್ಯಾಯವಾದ ಪಾಲು ಕೊಡಿ ಎಂದು ಆ ಮೂವರು ನಟರು 2024ರಲ್ಲೂ ಬಹಿರಂಗವಾಗಿ ಕೇಳಬೇಕಾಯಿತು. ಸಿನಿಮಾವನ್ನು ಎಷ್ಟೇ ಮೆಚ್ಚಿದರೂ ಇದು ನನಗೆ ನೋವು ಕೊಡುತ್ತದೆ. ಹಸಿದುಕೊಂಡು, ನಿದ್ದೆಗೆಟ್ಟು ಆ ಭಯವನ್ನು ನಮಗೆ ಕೊಟ್ಟವರು ಅವರು.

ಇನ್ನೊಂದು ಸಿನಿಮಾ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’. ಓರೆನ್ ಪೆಲಿ ಇದನ್ನು ತಮ್ಮ ಸ್ವಂತ ಮನೆಯಲ್ಲಿ, ಸುಮಾರು 15 ಸಾವಿರ ಡಾಲರ್‌ನಲ್ಲಿ ತೆಗೆದರು. 2007ರಲ್ಲಿ ಸ್ಕ್ರೀಮ್‌ಫೆಸ್ಟ್ ಎಂಬ ಹಾರರ್ ಚಿತ್ರೋತ್ಸವದಲ್ಲಿ ತೋರಿಸಿದರು. ಮಲಗುವ ಕೋಣೆಯಲ್ಲಿ ಅಲುಗಾಡದ ಒಂದು ಕ್ಯಾಮೆರಾ. ಗಂಡು ಹೆಣ್ಣು ಮಲಗಿದ್ದಾರೆ. ಬಾಗಿಲು ತಾನಾಗಿಯೇ ಸ್ವಲ್ಪ ಸರಿಯುತ್ತದೆ. ಅಷ್ಟಕ್ಕೇ ಜೀವ ಬಾಯಿಗೆ ಬರುತ್ತದೆ! ಕ್ಯಾಮೆರಾ ಅಲ್ಲಾಡದೆ ನಿಂತಾಗ ನಮ್ಮ ಕಣ್ಣೇ ಮೂಲೆ ಮೂಲೆ ಹುಡುಕಲು ಶುರು ಮಾಡುತ್ತದೆ. 2009ರಲ್ಲಿ ಬಿಡುಗಡೆಯಾದಾಗ ಇದರ ಟ್ರೇಲರ್‌ನಲ್ಲಿ ಕತ್ತಲಲ್ಲಿ ಕೂತು ಹೆದರುತ್ತಿದ್ದ ಪ್ರೇಕ್ಷಕರನ್ನೇ ತೋರಿಸಿದರು.

ಅದು ಸರಿಯಾದ ಯೋಚನೆ. ಭಯ ಅಂಟುರೋಗದ ಹಾಗೆ. ಪಕ್ಕದವರು ಉಸಿರು ಬಿಗಿಹಿಡಿದರೆ ನಮ್ಮದೂ ನಿಲ್ಲುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ಕಿರುಚಿದರೆ ಇಡೀ ಹಾಲ್ ಬೆಚ್ಚುತ್ತದೆ, ಆಮೇಲೆ ಎಲ್ಲರೂ ಒಟ್ಟಿಗೆ ನಗುತ್ತಾರೆ. ಟೊರಾಂಟೊ ಚಿತ್ರೋತ್ಸವ 1988ರಿಂದ ನಡುರಾತ್ರಿಯ ಸಿನಿಮಾಗಳಿಗೇ ಒಂದು ವಿಭಾಗ ಇಟ್ಟುಕೊಂಡಿದೆ. ಸ್ಪೇನಿನ ಸಿಟ್ಜೆಸ್ ಉತ್ಸವ 1968ರಿಂದ ಇಂಥ ಸಿನಿಮಾಗಳಿಗೆ ಬಾಗಿಲು ತೆರೆದಿದೆ. ಹೆಸರಾಂತ ನಟರಿಲ್ಲದ ಚಿತ್ರಕ್ಕೆ ಅಲ್ಲಿ ತುಂಬಿದ ಹಾಲ್ ಸಿಗುತ್ತದೆ. ಸಿನಿಮಾ ಕೊಳ್ಳಲು ಬಂದವರು ಅದೇ ಹಾಲಿನಲ್ಲಿ ಕೂತು ಜನರ ಕಿರುಚಾಟ ಕೇಳಿಸಿಕೊಳ್ಳುತ್ತಾರೆ.

ನನಗೆ ತುಂಬಾ ಹತ್ತಿರವಾದದ್ದು ‘ಅಂಡರ್ ದಿ ಶ್ಯಾಡೋ’. ಬಾಬಕ್ ಅನ್ವಾರಿ ನಿರ್ದೇಶನದ, ಪರ್ಷಿಯನ್ ಭಾಷೆಯ ಸಿನಿಮಾ. 2016ರಲ್ಲಿ ಸನ್‌ಡಾನ್ಸ್‌ಗೆ ಬಂತು. ಇರಾನ್ ಮತ್ತು ಇರಾಕ್ ನಡುವೆ ಯುದ್ಧ ನಡೆಯುತ್ತಿದ್ದ ಕಾಲ. ಟೆಹ್ರಾನ್‌ನ ಮನೆಯೊಂದರಲ್ಲಿ ತಾಯಿ ಮತ್ತು ಪುಟ್ಟ ಮಗಳು. ಗಂಡ ಯುದ್ಧದ ಕೆಲಸಕ್ಕೆ ಹೋಗಿದ್ದಾನೆ. ಕಟ್ಟಡದ ಮೇಲೆ ಬಿದ್ದ ಕ್ಷಿಪಣಿ ಸಿಡಿಯುವುದಿಲ್ಲ, ಆದರೆ ಅದರ ಜೊತೆ ಜಿನ್, ಅಂದರೆ ಕಣ್ಣಿಗೆ ಕಾಣದ ಒಂದು ಭೂತ, ಬಂದಿದೆ ಎಂಬ ಮಾತು ಹಬ್ಬುತ್ತದೆ. ಒಂದು ರಾತ್ರಿ ತಾಯಿ ಮಗಳನ್ನು ಎತ್ತಿಕೊಂಡು ಬೀದಿಗೆ ಓಡುತ್ತಾಳೆ. ಗಾಬರಿಯಲ್ಲಿ ತಲೆಗೆ ಬಟ್ಟೆ ಹಾಕಿಕೊಂಡಿಲ್ಲ. ಗಸ್ತಿನವರು ಅವಳನ್ನು ಹಿಡಿದುಕೊಂಡು ಹೋಗುತ್ತಾರೆ. ಒಳಗೆ ಜಿನ್, ಹೊರಗೆ ಇವರು, ಮೇಲೆ ಕ್ಷಿಪಣಿ. ಆಮೇಲೆ ಅವಳು ಅದೇ ಮನೆಗೆ ವಾಪಸ್ ಹೋಗಬೇಕು. ಆ ದೃಶ್ಯ ನನ್ನನ್ನು ಇನ್ನೂ ಬಿಟ್ಟಿಲ್ಲ. ಹೆಣ್ಣೊಬ್ಬಳು ನಿಲ್ಲಲು ಜಾಗವೇ ಇಲ್ಲ ಎಂಬುದನ್ನು ಒಂದೂ ಭಾಷಣವಿಲ್ಲದೆ ಹೇಳಿಬಿಟ್ಟಿದ್ದಾರೆ.

ಇಂಥ ಸಿನಿಮಾ ನೋಡುವ ಅವಕಾಶ ಸಿಕ್ಕರೆ ದಯವಿಟ್ಟು ಮೊಬೈಲ್‌ನಲ್ಲಿ ನೋಡಬೇಡಿ. ಇವು ಅರ್ಧ ಬದುಕಿರುವುದೇ ಸದ್ದಿನಲ್ಲಿ. ರೇಡಿಯೋ ಕೇಳುವ ನಿಮಗೆ ಅದನ್ನು ವಿವರಿಸಬೇಕಾಗಿಲ್ಲ. ಹಾಲಿನ ನಡುವೆ ಕೂತುಕೊಳ್ಳಿ. ಮೊದಲ ಹತ್ತು ನಿಮಿಷ ಏನೂ ನಡೆಯಲಿಲ್ಲ ಎಂದು ಎದ್ದು ಬರಬೇಡಿ. ಆ ಹೊತ್ತಿನಲ್ಲಿ ಮನೆಯ ಒಂದೊಂದು ಬಾಗಿಲನ್ನೂ ನಿಮಗೆ ತೋರಿಸಿರುತ್ತಾರೆ. ಎಲ್ಲ ಮುಚ್ಚಿರುತ್ತವೆ. ಮುಂದೆ ಒಂದು ಸಲ ನೋಡಿದಾಗ, ಅವುಗಳಲ್ಲಿ ಒಂದು ತೆರೆದಿರುತ್ತದೆ.

ನಮಸ್ಕಾರ.