ಅತ್ತೆಯ ಮಂಡಿನೋವು ಮತ್ತು ಓಪನ್ ಸೋರ್ಸ್ ವೆಬ್‌ಸೈಟ್

(ದೃಶ್ಯ: ಚಿತ್ರದುರ್ಗದ ಕೋಟೆ ಬಾಗಿಲು, ಬೆಳಗಿನ ಬಿಸಿಲು. ಕ್ಯಾಮೆರಾ ಕೈಯಲ್ಲೇ ಇದೆ.)

ನಮಸ್ಕಾರ. ಇವತ್ತು ಕಂಪ್ಯೂಟರ್ ಮುಂದೆ ಕೂತಿಲ್ಲ, ಕೋಟೆ ಬಾಗಿಲಲ್ಲಿ ನಿಂತಿದ್ದೇನೆ. ಮಾತು ಮಾತ್ರ ಸಾಫ್ಟ್‌ವೇರಿನದ್ದೇ.

ಇಲ್ಲಿಗೆ ಬಂದವರಿಗೆ ಎರಡು ಥರದಲ್ಲಿ ವಿಷಯ ಸಿಗುತ್ತದೆ. ಒಂದು ಬೋರ್ಡು. ಯಾವ ಕಾಲದ್ದು, ಯಾರು ಕಟ್ಟಿಸಿದ್ದು, ಅಷ್ಟೇ. ಇನ್ನೊಂದು ಗೈಡ್. ಅವರು ಶುರು ಮಾಡುವುದೇ ಒನಕೆ ಓಬವ್ವನಿಂದ. ಗಂಡ ಉಣ್ಣೋಕೆ ಕೂತಿದ್ದ, ಇವಳು ನೀರಿಗೆ ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕನ ತಲೆ ಕಂಡಿತು... ಇಷ್ಟು ಕೇಳಿದ ಮೇಲೆ ಯಾರಾದರೂ ವಾಪಸ್ ಹೋಗುತ್ತಾರಾ?

ಹೋದ ಸಲ ನಮ್ಮ ಅತ್ತೆ ಜೊತೆಗಿದ್ದರು. ಅವರು ಕೇಳಿದ್ದೇ ಬೇರೆ. "ಮಂಡಿ ನೋಯ್ತದೆ. ನಾನು ಎಲ್ಲಿವರೆಗೆ ಹತ್ತಬಹುದು?" ಬೋರ್ಡು ಸುಮ್ನೆ ನಿಂತಿತ್ತು. ಗೈಡ್ ಹೇಳಿದ್ದು, "ಬನ್ನಿ ಅಮ್ಮಾ, ಏನೂ ಆಗಲ್ಲ." ಅರ್ಧ ದಾರಿಯಲ್ಲಿ ಅತ್ತೆ ಕಲ್ಲಿನ ಮೇಲೆ ಕೂತುಬಿಟ್ಟರು.

(ದೃಶ್ಯ: ಲ್ಯಾಪ್‌ಟಾಪ್ ಪರದೆ.)

ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ಬಳಸಬಹುದಾದ ಪ್ರಾಜೆಕ್ಟುಗಳ ವೆಬ್‌ಸೈಟಿನಲ್ಲೂ ಇದೇ ಕಥೆ. ಮೊದಲ ಪುಟ ಗೈಡ್ ಥರ. ಒಳಗಿನ ಡಾಕ್ಯುಮೆಂಟೇಷನ್ (ಡಾಕ್ಸ್), ಅಂದರೆ ಬಳಸುವ ಬಗೆ ಹೇಳುವ ಪುಟಗಳು, ಬೋರ್ಡ್ ಥರ. ಮಂಡಿನೋವಿನ ಪ್ರಶ್ನೆಗೆ ಉತ್ತರ ಎರಡರಲ್ಲೂ ಇರುವುದಿಲ್ಲ.

ಚಳ್ಳಕೆರೆಯಲ್ಲಿ ನಮ್ಮ ನೆಂಟರೊಬ್ಬರ ಶೇಂಗಾ ವ್ಯಾಪಾರ ಇದೆ. ಲೆಕ್ಕ ಇಡಲು ಒಂದು ಓಪನ್ ಸೋರ್ಸ್ ಬಿಲ್ಲಿಂಗ್ ಸಾಫ್ಟ್‌ವೇರ್ ಹುಡುಕಿಕೊಟ್ಟೆ. ಹೆಸರು ಬೇಡ. ಮೊದಲ ಪುಟದಲ್ಲಿ "ಆಧುನಿಕ, ಶಕ್ತಿಶಾಲಿ, ಮಿಂಚಿನ ವೇಗ" ಅಂತಿತ್ತು. ಸರಿ, ಇನ್‌ಸ್ಟಾಲ್ ಮಾಡೋಣ ಅಂತ ಡಾಕ್ಸ್ ತೆರೆದರೆ ನೇರ ಸೆಟ್ಟಿಂಗ್ ಬರೆದಿಡುವ ಕಾನ್ಫಿಗರೇಷನ್ ಫೈಲಿನ ಪಟ್ಟಿ. ಅದಕ್ಕೆ ಬೇರೆಯದೇ ಸರ್ವರ್, ಅಂದರೆ ಸದಾ ಓಡುತ್ತಿರುವ ಇನ್ನೊಂದು ಕಂಪ್ಯೂಟರ್ ಬೇಕು, ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಅದು ಓಡುವುದಿಲ್ಲ ಅಂತ ಗೊತ್ತಾಗುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಅವರು ಮತ್ತೆ ನೋಟ್‌ಬುಕ್ ತೆಗೆದರು.

ಹಾಗಂತ ಮಾರ್ಕೆಟಿಂಗ್ ಬೇಡ ಅಂತ ನಾನು ಹೇಳಲ್ಲ. "ಕೋಡ್ ಚೆನ್ನಾಗಿದ್ದರೆ ಜನ ತಾವೇ ಬರುತ್ತಾರೆ" ಅನ್ನುವ ಪ್ರೋಗ್ರಾಮರ್‌ಗಳು ದಾವಣಗೆರೆ ಕಾಲೇಜುಗಳಲ್ಲೂ ಸಿಗುತ್ತಾರೆ. ಆದರೆ 2004ರಲ್ಲಿ ಓಪನ್ ಸೋರ್ಸ್ ಬ್ರೌಸರ್ ಫೈರ್‌ಫಾಕ್ಸ್ 1.0 ಬಂದಾಗ ಅದರ ಅಭಿಮಾನಿಗಳೇ ದುಡ್ಡು ಹಾಕಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಎರಡು ಪುಟದ ಜಾಹೀರಾತು ಕೊಟ್ಟರು. ದುಡ್ಡು ಕೊಟ್ಟ ಸಾವಿರಾರು ಜನರ ಹೆಸರು ಅದರಲ್ಲೇ ಅಚ್ಚಾಗಿತ್ತು. ಬಾಯಿ ಬಿಟ್ಟು ಹೇಳಿಕೊಳ್ಳಲೇಬೇಕು.

ಡಾಕ್ಯುಮೆಂಟೇಷನ್ ಸ್ಥಿತಿಯೂ ಏನು ಚೆನ್ನಾಗಿಲ್ಲ. ಪ್ರೋಗ್ರಾಮರ್‌ಗಳು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದ 2017ರ ಸರ್ವೆಯಲ್ಲಿ 93% ಜನ ಅರೆಬರೆ, ಹಳತಾದ ಡಾಕ್ಸ್ ಬಗ್ಗೆ ದೂರಿದ್ದರು. ತಾವು ಡಾಕ್ಸ್ ಬರೆಯುವುದು ಅಪರೂಪ, ಇಲ್ಲಾ ಬರೆಯುವುದೇ ಇಲ್ಲ ಅಂದವರು 60%. ನಗಬೇಡಿ, ನಾನೂ ಆ ಅರವತ್ತರಲ್ಲೇ ಇದ್ದೆ.

(ದೃಶ್ಯ: ರಸ್ಟ್ ಭಾಷೆಯ ಹಳೇ ಮತ್ತು ಹೊಸ ಮುಖಪುಟ, ಅಕ್ಕಪಕ್ಕ.)

ಈಗ ಒಂದು ಜಗಳದ ಕಥೆ. ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕೇಳಿದ್ದೀರಲ್ವಾ? ಅದರ ಹಳೇ ಮುಖಪುಟದಲ್ಲಿ, ಇದು ಸಿಸ್ಟಮ್ಸ್ ಭಾಷೆ (ಆಪರೇಟಿಂಗ್ ಸಿಸ್ಟಮ್‌ನಂಥ ತಳಮಟ್ಟದ ಸಾಫ್ಟ್‌ವೇರ್ ಬರೆಯುವ ಭಾಷೆ), ವೇಗವಾಗಿ ಓಡುತ್ತದೆ, ಮೆಮೊರಿ ತಪ್ಪಿನಿಂದ ಪ್ರೋಗ್ರಾಂ ಕುಸಿಯುವುದನ್ನು ತಡೆಯುತ್ತದೆ ಅಂತ ನೇರವಾಗಿ ಬರೆದಿತ್ತು. ಪಕ್ಕದಲ್ಲೇ ಒಂದು ತುಂಡು ಕೋಡ್. 2018ರ ಡಿಸೆಂಬರಿನಲ್ಲಿ ಹೊಸ ಸೈಟ್ ಬಂತು. ಮೇಲೆ ದೊಡ್ಡ ಅಕ್ಷರದಲ್ಲಿ, ಎಲ್ಲರಿಗೂ ಒಳ್ಳೆಯ ಸಾಫ್ಟ್‌ವೇರ್ ಕಟ್ಟುವ ಶಕ್ತಿ ಕೊಡುವ ಭಾಷೆ ಅನ್ನುವ ಅರ್ಥದ ಸಾಲು. ಕೋಡ್ ಮಾಯ. ಎಷ್ಟೋ ಪ್ರೋಗ್ರಾಮರ್‌ಗಳು ಸಿಟ್ಟಾದರು.

ತಂಡದ ಲೆಕ್ಕ ನನಗೆ ಅರ್ಥವಾಗುತ್ತದೆ. ಸಿಸ್ಟಮ್ಸ್ ಅಂದರೇನು ಅಂತ ಗೊತ್ತಿಲ್ಲದವರೂ ಒಳಗೆ ಬರಲಿ ಅಂತ. ಆದರೂ ಸಿಟ್ಟಾದವರ ಮಾತಿನಲ್ಲಿ ಹುರುಳಿತ್ತು. ಪ್ರೋಗ್ರಾಮರ್ ಕಣ್ಣಿಗೆ ಆ ತುಂಡು ಕೋಡೇ ಜಾಹೀರಾತು. ಬೆಣ್ಣೆ ದೋಸೆ ಹೋಟೆಲಿನವರು ಒಲೆ ಎದುರಿಗೇ ಇಟ್ಟಿರುತ್ತಾರಲ್ಲ, ಹಾಗೆ. ದೋಸೆ ಹುಯ್ಯುವುದು ಕಂಡ ಮೇಲೆ "ರುಚಿಯಾಗಿದೆ" ಅನ್ನೋ ಬೋರ್ಡ್ ಯಾಕೆ? ಪೈಥಾನ್ ಅನ್ನೋ ಇನ್ನೊಂದು ಭಾಷೆಯ ಮುಖಪುಟದಲ್ಲಿ ಇವತ್ತಿಗೂ ಕೋಡ್ ಇದೆ.

(ದೃಶ್ಯ: ಎಸ್‌ಕ್ಯೂಲೈಟ್ ಸೈಟ್.)

ನನಗೆ ಬಹಳ ಇಷ್ಟವಾದ ಸೈಟ್ ಮಾತ್ರ ಇದು, ಎಸ್‌ಕ್ಯೂಲೈಟಿನದ್ದು. ನೋಡೋಕೆ ಬೋಳು ಬೋಳು. ನಿಮ್ಮ ಫೋನಿನಲ್ಲಿ, ವಾಟ್ಸಾಪ್ ಮೆಸೇಜ್ ಕೂಡಿಡುವ ಜಾಗದಲ್ಲಿ, ಈಗಲೂ ಕೆಲಸ ಮಾಡುತ್ತಿರುವ ಡೇಟಾಬೇಸ್, ಅಂದರೆ ಮಾಹಿತಿ ಜೋಡಿಸಿಡುವ ಸಾಫ್ಟ್‌ವೇರ್, ಈ ಎಸ್‌ಕ್ಯೂಲೈಟ್. ಈ ಸೈಟಿನಲ್ಲಿ ಒಂದು ಪುಟ ಇದೆ. ಎಸ್‌ಕ್ಯೂಲೈಟ್ ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಅಂತ ಹೇಳುವುದಷ್ಟೇ ಅದರ ಕೆಲಸ. ಒಂದೇ ಕಾಲಕ್ಕೆ ಬಹಳ ಜನ ಬರೆಯಬೇಕಾ? ಡೇಟಾ ಒಂದು ಕಡೆ, ಪ್ರೋಗ್ರಾಂ ನೆಟ್‌ವರ್ಕಿನ ಆಚೆ ಕಡೆ ಇದೆಯಾ? ಹಾಗಾದರೆ ಸರ್ವರಿನಲ್ಲಿ ಓಡುವ ದೊಡ್ಡ ಡೇಟಾಬೇಸ್ ನೋಡಿ ಅನ್ನುತ್ತದೆ. ಎಷ್ಟು ಜನ ಬೇಕಾದರೂ ಒಟ್ಟಿಗೆ ಓದಬಹುದು, ಆದರೆ ಒಂದು ಕ್ಷಣಕ್ಕೆ ಬರೆಯುವವರು ಒಬ್ಬರೇ ಅಂತ ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುತ್ತದೆ. ನಾವು ಆ ದೊಡ್ಡ ಡೇಟಾಬೇಸ್‌ಗಳ ಜೊತೆ ಪೈಪೋಟಿಗೇ ಇಲ್ಲ, ನಮ್ಮ ಪೈಪೋಟಿ ಮಾಮೂಲಿ ಫೈಲ್ ತೆರೆಯುವ ಕೆಲಸದ ಜೊತೆ ಅನ್ನುತ್ತದೆ.

ಇದು ಮಾರ್ಕೆಟಿಂಗಾ, ಡಾಕ್ಯುಮೆಂಟೇಷನ್ನಾ? ಎರಡೂ ಹೌದು. ನಮ್ಮ ಅತ್ತೆಗೆ ಬೇಕಿದ್ದದ್ದು ಈ ಪುಟ. "ಇಲ್ಲಿವರೆಗೆ ಆರಾಮ. ಮುಂದೆ ಕಡಿದಾದ ಮೆಟ್ಟಿಲು, ಮಂಡಿ ನೋವಿದ್ದರೆ ಇಲ್ಲೇ ಕೂರಿ." ಹೀಗೆ ಹೇಳಿದರೆ ಗಿರಾಕಿ ಕೈಬಿಡುತ್ತಾನೆ ಅಂತ ತಂಡಗಳಿಗೆ ಭಯ. ನನಗೆ ಹಾಗನ್ನಿಸಲ್ಲ. ಆಗಲ್ಲ ಅಂತ ಬಾಯಿಬಿಟ್ಟು ಹೇಳಿದವರು, ಆಗುತ್ತದೆ ಅಂದಾಗ ನಾನು ನಂಬುತ್ತೇನೆ.

(ದೃಶ್ಯ: ಮತ್ತೆ ಕೋಟೆ. ಹಿಂದೆ ಮೆಟ್ಟಿಲು.)

ಆ ಬಿಲ್ಲಿಂಗ್ ಸಾಫ್ಟ್‌ವೇರಿಗೆ ನಾನು ಮೂರು ಸಾಲು ಬರೆದು ಕಳಿಸಿದೆ. ಎಷ್ಟು ಮೆಮೊರಿ ಬೇಕು, ಬೇರೆ ಸರ್ವರ್ ಬೇಕು, ಒಂದೇ ಕಂಪ್ಯೂಟರಿನ ಸಣ್ಣ ಅಂಗಡಿಗೆ ಇದು ಹೊಂದಲ್ಲ. ಮುಖಪುಟಕ್ಕೆ ಹಾಕಿ ಅಂತ ಕೇಳಿದ್ದೆ. ಅವರು ಧನ್ಯವಾದ ಹೇಳಿ ಇನ್‌ಸ್ಟಾಲ್ ಪುಟದ ಕೊನೆಯಲ್ಲಿ ಸೇರಿಸಿದರು. ಮೊದಲೆರಡು ಸಾಲು ಮಾತ್ರ. ಮೂರನೆಯದಕ್ಕೆ ಚರ್ಚೆ ಇನ್ನೂ ನಡೀತಾ ಇದೆ.